ಏಳನೇ ಪಟ್ಟಿಯ ಹನ್ನೆರಡು ಜನ

ದಾವಣಗೆರೆಯಲ್ಲಿ ಈಗ ಜನ ನಿಲ್ಲುತ್ತಾರೆ, ರಸ್ತೆ ನಡೆಯುತ್ತದೆ. ಹೊರಗಿನಿಂದ ಬಂದವರು ಮೊದಲ ದಿನ ಇದನ್ನು ನೋಡಿ ಬೆರಗಾಗುತ್ತಾರೆ. ಎರಡನೇ ದಿನ ಮೊಬೈಲ್ ನೋಡುತ್ತಾ ನಿಂತು ಇಳಿಯಬೇಕಾದ ಜಾಗ ದಾಟಿ ಹೋಗುತ್ತಾರೆ. ಮೂರನೇ ದಿನ ಪಾಲಿಕೆಯನ್ನು ಬೈಯುತ್ತಾರೆ. ಅಲ್ಲಿಗೆ ಅವರು ನಮ್ಮೂರಿನವರಾದರು ಎಂದೇ ಲೆಕ್ಕ.

ಇದರ ಹೆಸರು ನಡೆಪಟ್ಟಿ. ಊರಿನಲ್ಲಿ ಇಂಥವು ಒಂಬತ್ತಿವೆ. ಪ್ರತಿಯೊಂದರಲ್ಲೂ ಅಕ್ಕಪಕ್ಕ ಮೂರು ಸಾಲು, ವಾಪಸ್ ಬರಲು ಬೇರೆ ಮೂರು. ಮೊದಲನೆಯದು ಮನುಷ್ಯ ನಡೆಯುವ ವೇಗದಲ್ಲಿ ಸಾಗುತ್ತದೆ, ಎರಡನೆಯದು ಓಡುವ ವೇಗದಲ್ಲಿ, ಮೂರನೆಯದು ಗಂಟೆಗೆ ಇಪ್ಪತ್ತು ಕಿಲೋಮೀಟರು. ಒಂದರಿಂದ ಒಂದಕ್ಕೆ ದಾಟಿ ಕೊನೆಯ ಸಾಲಿನಲ್ಲಿ ಕಂಬಿ ಹಿಡಿದು ನಿಂತರೆ ಆಯಿತು. ಅಡಿಯಲ್ಲಿ ಅಯಸ್ಕಾಂತ, ಮೇಲೆ ಮೊಳದಗಲದ ಹಲಗೆಗಳು, ತಲೆಯ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಚಾವಣಿ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಹೊತ್ತು ಮುಳುಗಿದ ಮೇಲೆ ಉಳಿಯುವುದು ಬ್ಯಾಟರಿಯ ಕರೆಂಟು ಮಾತ್ರ. ಅದಕ್ಕೇ ರಾತ್ರಿ ಎಂಟೂವರೆಯ ನಂತರ ಒಂದು ನಿಯಮ ಇದೆ. ಹಲಗೆಗಳು ಮೇಲಿದ್ದವರನ್ನು ಎಣಿಸುತ್ತವೆ. ಮೂವತ್ತು ಕಿಲೋ ತೂಗಬೇಕು, ಹತ್ತುವಾಗ ಕಾಲು ಕದಲಬೇಕು. ಅಂಥವರು ಹನ್ನೆರಡು ಜನ ಇದ್ದರೆ ಪಟ್ಟಿ ಏಳುತ್ತದೆ, ಹನ್ನೊಂದಾದರೆ ಮಲಗುತ್ತದೆ.

ಆ ನಿಯಮ ಬರೆದವನು ನಾನೇ. ಹೆಸರು ಬಕ್ಕೇಶ, ನಡೆಪಟ್ಟಿ ನಿಯಂತ್ರಣ ಕೊಠಡಿಯಲ್ಲಿ ಹಿರಿಯ ನಿಯಂತ್ರಕ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ತನಕ ಗೋಡೆಯಗಲದ ಪರದೆಯ ಮುಂದೆ ಕೂತು ಇಡೀ ಊರು ಚುಕ್ಕೆಗಳಾಗಿ ಸರಿಯುವುದನ್ನು ನೋಡುವುದು ನನ್ನ ಕೆಲಸ. ಹನ್ನೆರಡು ಎಂಬ ಸಂಖ್ಯೆಯನ್ನು ನಾನು ಮೂರು ತಿಂಗಳು ಗುಣಿಸಿ ಭಾಗಿಸಿ ತೆಗೆದಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ಜಂಬ ಇಳಿದದ್ದು ನನ್ನ ಹೆಂಡತಿಗೆ ಕೆಲಸ ಸಿಕ್ಕ ದಿನ.

ಸರ್ವಮಂಗಳ ಇಪ್ಪತ್ತೆರಡು ವರ್ಷ ನಮ್ಮ ಓಣಿಯ ಜಬ್ಬಾರ್ ಸಾಬರ ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವ ಕೆಲಸ ಮಾಡಿದವಳು. ಕಾದ ಮರಳಿಗೆ ಅಕ್ಕಿ ಸುರಿದರೆ ಯಾವ ಗಳಿಗೆಯಲ್ಲಿ ತೆಗೆಯಬೇಕೆಂದು ವಾಸನೆಯಲ್ಲೇ ಹೇಳುತ್ತಿದ್ದಳು. ಊರಾಚೆ ಹೊಸದಾಗಿ ಬೆಣ್ಣೆ ಕಾರ್ಖಾನೆ ಬಂದಿತ್ತು. ನಮ್ಮೂರಿನ ದೋಸೆಗೆ ಸಾಲುವಷ್ಟು ಬೆಣ್ಣೆ ಕೊಡಲು ಸುತ್ತಮುತ್ತ ಅಷ್ಟು ಎಮ್ಮೆಗಳೆಲ್ಲಿ ಉಳಿದಿವೆ? ಅಲ್ಲಿ ದೊಡ್ಡ ಉಕ್ಕಿನ ಹಂಡೆಗಳಲ್ಲಿ ಮೆಕ್ಕೆಜೋಳದ ಗಂಜಿ ತಿಂದು ಸೂಕ್ಷ್ಮಜೀವಿಗಳು ಕೆನೆ ಕಟ್ಟುತ್ತವೆ. ಸಂಜೆ ಹೆಪ್ಪು ಹಾಕಿದರೆ ಹದ ಬರುವುದು ರಾತ್ರಿ. ಆ ಹದವನ್ನು ಯಂತ್ರ ಗುರುತಿಸುವಷ್ಟರಲ್ಲಿ ನಲವತ್ತು ನಿಮಿಷ ತಡವಾಗಿ ಬೆಣ್ಣೆ ಕಹಿಯಾಗುತ್ತಿತ್ತು. ಅದಕ್ಕೇ ಅವರಿಗೆ ಮೂಗು ಬೇಕಿತ್ತು. ಸಂದರ್ಶನದಲ್ಲಿ ಏಳು ಬಟ್ಟಲು ಮುಂದಿಟ್ಟರಂತೆ. ಇವಳು ಐದನೆಯದನ್ನು ತೋರಿಸಿ, "ಇದು ಇನ್ನು ಹತ್ತು ನಿಮಿಷಕ್ಕೆ ಕೈ ಕೊಡ್ತತಿ ನೋಡ್ರಿ" ಅಂದಳಂತೆ. ಒಂಬತ್ತನೇ ನಿಮಿಷಕ್ಕೆ ಅದು ಕೈ ಕೊಟ್ಟಿತು.

ನಲವತ್ತೆಂಟನೇ ವಯಸ್ಸಿಗೆ ಅವಳ ಹೆಸರಿಗೆ ಮೊದಲ ನೇಮಕ ಪತ್ರ ಬಂತು. ಹುದ್ದೆ: ಹದಗಾರ್ತಿ. ಪಾಳಿ: ರಾತ್ರಿ ಒಂಬತ್ತು ಮುಕ್ಕಾಲರಿಂದ ಬೆಳಗಿನ ಆರು. ಹದಿನೈದು ದಿನ ಪರೀಕ್ಷೆ. ಅಷ್ಟರಲ್ಲಿ ಮೂರು ಸಲ ತಡವಾದರೆ ಪತ್ರ ವಾಪಸ್. ಅವಳು ಆ ಪತ್ರವನ್ನು ಓದಿ ಮಡಚಿ, ಮತ್ತೆ ಬಿಚ್ಚಿ ಓದಿದಳು. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ, ಕಣ್ಣು ಒದ್ದೆಯಾಯಿತು.

ತೊಡಕಿದ್ದುದು ಕಾರ್ಖಾನೆಯ ದೂರದಲ್ಲಿ. ನಮ್ಮ ಓಣಿಯಿಂದ ಒಂಬತ್ತು ಕಿಲೋಮೀಟರು, ಏಳನೇ ಪಟ್ಟಿಯ ಕಟ್ಟಕಡೆ. ನಮ್ಮ ಮನೆಯಲ್ಲಿ ಅಮ್ಮ ಇದ್ದಾಳೆ, ಎಂಬತ್ತನಾಲ್ಕು ವರ್ಷ, ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾಳೆ, ಹೊಸ್ತಿಲು ದಾಟಿ ಆರು ವರ್ಷವಾಗಿತ್ತು. ಅಮ್ಮ ರಾತ್ರಿ ಎಂಟೂವರೆಗೆ ಊಟಕ್ಕೆ ಕೂರುತ್ತಾಳೆ, ಎದುರಿಗೆ ಸೊಸೆ ಕೂತಿರಬೇಕು, ಒಂಬತ್ತಕ್ಕೆ ಮಲಗುತ್ತಾಳೆ. ನಮ್ಮ ಮನೆಯಲ್ಲಿ ಇದು ಸೂರ್ಯ ಹುಟ್ಟಿ ಮುಳುಗುವಷ್ಟೇ ಖಂಡಿತ. ಹಾಗಾಗಿ ಮಂಗಳ ಮನೆ ಬಿಡುವಷ್ಟರಲ್ಲಿ ಒಂಬತ್ತು ಐದು, ಆಗ ಪಟ್ಟಿ ಮಲಗಿರುತ್ತದೆ. ಆಟೋಗಳು ರಾತ್ರಿ ಆಸ್ಪತ್ರೆಗೂ ರೈಲಿಗೂ ಮಾತ್ರ ಮೀಸಲು. ಇನ್ನು ಕಾರು ಎಂದರೆ, ಇಡೀ ಓಣಿಗೆ ಇರುವುದು ಜಬ್ಬಾರ್ ಸಾಬರದೊಂದೇ. ಅದರಲ್ಲಿ ಅವರ ಕೋಳಿಗಳು ಮಲಗುತ್ತವೆ.

ಮೊದಲ ದಿನ ಅವಳು ನಡೆದೇ ಹೋದಳು. ತಲುಪಿದಾಗ ಹನ್ನೊಂದಾಗಿತ್ತು. ಎರಡನೇ ದಿನ ಸೈಕಲ್ ಹತ್ತಿದಳು. ಕಲಿತದ್ದು ಅದೇ ದಿನ ಮಧ್ಯಾಹ್ನ, ಕಲಿಸಿದವನು ನಾನು. ಅಶೋಕ ಟಾಕೀಸಿನ ಕಡೆ ಎಲ್ಲಿಯೋ ಚರಂಡಿಗೆ ಇಳಿದು, ಮಂಡಿ ತರಚಿಕೊಂಡು, ಸೈಕಲನ್ನು ತಳ್ಳಿಕೊಂಡು ಹೋದಳು. ಎರಡು ದಿನಕ್ಕೆ ಎರಡು ತಡ. ಇನ್ನೊಂದಾದರೆ ಕೆಲಸ ಹೋಯಿತು.

ಮೂರನೇ ದಿನ ಬೆಳಿಗ್ಗೆ ಮಂಡಿಗೆ ಅರಿಶಿನ ಹಚ್ಚಿಕೊಳ್ಳುತ್ತಾ ಅವಳು ಕೇಳಿದಳು. "ನೀವು ಅಲ್ಲೇ ಕುಂತಿರ್ತೀರಲ್ಲ, ಒಂದು ಗುಂಡಿ ಒತ್ತಿದ್ರೆ ಆಗಲ್ವಾ?"

"ಒತ್ತಂಗಿಲ್ಲ ಮಂಗಳ. ಒಬ್ಬಳಿಗೆ ಒತ್ತಿದ್ರೆ ಊರಿಗೆಲ್ಲ ಒತ್ತಬೇಕು. ಬ್ಯಾಟರಿ ಬೆಳಗ್ಗೆ ಮಟ ಬರಲ್ಲ. ಅದೂ ಅಲ್ದೆ ನನ್ನ ಹೆಂಡ್ತಿ ನೀನು."

"ಅದೇ ತಪ್ಪಾತು ನೋಡ್ರಿ. ಮನೆಗೆ ಮಾರಿ, ಪರರಿಗೆ ಉಪಕಾರಿ ಅಂತ ನಿಮ್ಮನ್ನ ನೋಡೇ ಅಂದಿರ್ಬೇಕು."

ಬೇಸರ ಮಾಡಿಕೊಂಡು ಹೇಳಿದ್ದರೆ ಸಹಿಸಬಹುದಿತ್ತು. ಅವಳು ನಗುತ್ತಲೇ ಹೇಳಿದಳು, ಅದು ಇನ್ನೂ ಚುಚ್ಚಿತು.

ಈ ಮಾತು ಜಬ್ಬಾರ್ ಸಾಬರ ಕಿವಿಗೆ ಬಿತ್ತು. ಅವರ ಹೆಂಡತಿ ಮುನೀರಾ ಪಕ್ಕದ ಮನೆಯಲ್ಲಿದ್ದು ನಮ್ಮ ಗೋಡೆಗೆ ಕಿವಿಯಿಟ್ಟೇ ಸಂಸಾರ ಮಾಡಿದವರು. ಮಂಗಳ ಹೋದ ಮೇಲೆ ನಾನು ಬರುವ ತನಕ ಅಮ್ಮನ ಕಡೆ ಗಮನ ಇಡುವುದಾಗಿ ಒಪ್ಪಿಕೊಂಡವರೂ ಅವರೇ.

"ಹನ್ನೆರಡು ಆಳು ತಾನೇ ಬೇಕಿರೋದು?" ಎಂದರು ಜಬ್ಬಾರ್ ಸಾಬ್. "ಮಂಗಳಮ್ಮ ಒಬ್ರು. ಉಳಿದಿದ್ದಕ್ಕೆ ಹನ್ನೊಂದು ಚೀಲ ಮಂಡಕ್ಕಿ ಇಡೋಣ. ಲಾರಿ ಲೋಡ್ ಮಾಡೋವಾಗ ನಮ್ಮ ಲೆಕ್ಕ ಅದೇ ಅಲ್ವಾ, ಒಂದು ಚೀಲ ಇಳಿಸಿದ್ರೆ ಒಬ್ಬ ಆಳಿಗೆ ಜಾಗ."

ಮಂಡಕ್ಕಿ ಭಟ್ಟಿಯವರು ಮಾತ್ರ ಮಾಡಬಹುದಾದ ತಪ್ಪು ಇದು. ಅವರು ಹುಟ್ಟಿದಾಗಿನಿಂದ ಲೋಕವನ್ನು ಚೀಲದಲ್ಲಿ ಅಳೆದವರು. ಚೀಲವೇನೋ ಆಳೆತ್ತರ, ಆದರೆ ಎತ್ತಿದರೆ ಎಂಟು ಕಿಲೋ ಇಲ್ಲ. ಆ ಹೊತ್ತಿಗೆ ನಾನು ಕೊಠಡಿಯಲ್ಲಿದ್ದೆ, ನನಗೆ ಯಾರೂ ಹೇಳಲಿಲ್ಲ.

ಒಂಬತ್ತು ಗಂಟೆ ಏಳು ನಿಮಿಷಕ್ಕೆ ಪರದೆಯಲ್ಲಿ ಏಳನೇ ಪಟ್ಟಿಯ ಒಂದು ಜಾಗ ಹಳದಿಯಾಯಿತು. ನಮ್ಮ ಯಂತ್ರ ಅಚ್ಚ ಗ್ರಾಂಥಿಕ ಕನ್ನಡದಲ್ಲಿ ಮಾತಾಡುತ್ತದೆ, ಅದಕ್ಕೆ ಕಲಿಸಿದವರು ಯಾರೋ ನಿವೃತ್ತ ಮೇಷ್ಟ್ರಿರಬೇಕು. "ಪ್ರಯಾಣಿಕರು ಒಂದು. ತ್ಯಾಜ್ಯ ಹನ್ನೊಂದು. ಸ್ವಚ್ಛತಾ ಕಾರ್ಯ ಆರಂಭಿಸಲಾಗಿದೆ" ಎಂದಿತು. ಮೂವತ್ತು ಕಿಲೋಗಿಂತ ಹಗುರವಾದದ್ದೆಲ್ಲ ಅದಕ್ಕೆ ಕಸ. ಹಲಗೆಗಳ ಬದಿಯಿಂದ ಉದ್ದನೆಯ ಕುಂಚಗಳು ಹೊರಬಂದು ಮಂಡಕ್ಕಿಯನ್ನು ಗುಡಿಸತೊಡಗಿದವು.

ಕ್ಯಾಮೆರಾ ಹಾಕಿ ನೋಡಿದೆ. ಕುಂಚಕ್ಕೆ ಸಿಕ್ಕು ಎರಡು ಚೀಲ ಒಡೆದು ಪಟ್ಟಿಯೆಲ್ಲ ಬೆಳ್ಳಗಾಗಿತ್ತು. ಉಳಿದ ಚೀಲ ಉಳಿಸಿಕೊಳ್ಳಲು ಭಟ್ಟಿಯವರೆಲ್ಲ ಪಟ್ಟಿಗೆ ಹಾರಿದರು. ಆರು, ಎಂಟು, ಹತ್ತು, ಹದಿನಾಲ್ಕು ಜನ. ಯಂತ್ರ "ಶುಭ ಪ್ರಯಾಣ" ಎಂದಿತು, ಪಟ್ಟಿ ಎದ್ದು ಹೊರಟಿತು. ಮಂಗಳ ಚಕಚಕನೆ ಮೂರನೇ ಸಾಲಿಗೆ ದಾಟಿ ಕಂಬಿ ಹಿಡಿದಳು. ಉಳಿದವರು ಮೊದಲ ಸಾಲಿನಲ್ಲಿ ಚೀಲ ತಬ್ಬಿಕೊಂಡು ಊರಾಚೆ ಸಾಗತೊಡಗಿದರು, ಇಳಿಯಲು ಒಂದು ಕಾಲು ಎತ್ತಿದ್ದರು. ಇಳಿದರೆ ಪಟ್ಟಿ ನಿಲ್ಲುತ್ತದೆ.

ಜಬ್ಬಾರ್ ಸಾಬರಿಗೆ ಫೋನು ಮಾಡಿದೆ. "ಸಾಬ್ರೇ, ಯಾರೂ ಇಳೀಬ್ಯಾಡ್ರಿ. ಮನೆ ಕಡೆ ಮುಖ ಮಾಡಿ ಸುಮ್ನೆ ನಡೀರಿ. ಮೊದಲನೇ ಸಾಲು ನಡಿಗೆ ವೇಗದ್ದು, ನಿಂತಲ್ಲೇ ಇರ್ತೀರಿ."

"ಎಷ್ಟೊತ್ತು ನಡೀಬೇಕಪ್ಪ?"

"ಮಂಗಳ ಮುಟ್ಟೋ ಮಟ. ಅರ್ಧ ತಾಸು."

"ಊಟ ಆಗೈತೆ, ನಡೀತೀವಿ ಬಿಡು" ಎಂದರು.

ಒಂಬತ್ತು ನಲವತ್ತೆರಡಕ್ಕೆ ಮಂಗಳನ ಫೋನು ಬಂತು. "ಮುಟ್ಟಿದೆ" ಎಂದಳು, ಅಷ್ಟೇ. ನಾನು ಕುರ್ಚಿಗೆ ಒರಗಿ ಒಂದು ಲೋಟ ನೀರು ಪೂರ್ತಿ ಕುಡಿದೆ.

ಉಂಡ ಮೇಲೆ ನೂರು ಹೆಜ್ಜೆ ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ಹೊರಗೆ ನಡೆಯಲು ಜಾಗವಿಲ್ಲವೆಂದು ಜನ ಅದನ್ನು ಬಿಟ್ಟು ಟಿವಿ ಮುಂದೆ ಕೂರುತ್ತಿದ್ದರು. ಮಾರನೇ ದಿನದಿಂದ ಒಂಬತ್ತು ಐದಾಯಿತೆಂದರೆ ನಮ್ಮ ಓಣಿ ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಪಟ್ಟಿ ಹತ್ತತೊಡಗಿತು. ಮನೆಯ ಕಡೆ ಮುಖ ಮಾಡಿ ನಡೆಯುವುದು, ನಡೆದೂ ಮನೆಯ ಮುಂದೆಯೇ ಇರುವುದು. ಬಾಗಿಲು ಹಾಕುವ ಅಗತ್ಯವಿಲ್ಲ, ಒಲೆಯ ಮೇಲೆ ಹಾಲಿಟ್ಟು ಬಂದರೂ ಉಕ್ಕುವುದು ಕಾಣುತ್ತದೆ. ಆರನೇ ದಿನಕ್ಕೆ ಮೂವತ್ತು ಜನರಾದರು. ಗಂಡಸರು ರಾಜಕೀಯ, ಹೆಂಗಸರು ಸೊಸೆಯಂದಿರು, ಹೀಗೆ ವಿಷಯಗಳೂ ಸಾಲು ಹಿಡಿದವು. ಮಂಗಳ ದಾಟಿ ಹೋಗುವಾಗ ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಮದುವೆಯ ದಿನವೂ ತನಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ ಎಂದು ಅವಳು ನನಗೆ ಹೇಳಿದಳು.

ಎಂಟನೇ ರಾತ್ರಿ ಯಂತ್ರಕ್ಕೆ ಅನುಮಾನ ಬಂತು. "ಏಳನೇ ಪಟ್ಟಿ. ಪ್ರಯಾಣಿಕರು ಮೂವತ್ತಮೂರು. ಮೂವತ್ತೆರಡು ಪ್ರಯಾಣಿಕರ ಪ್ರಗತಿ ಶೂನ್ಯ. ಪಟ್ಟಿ ಸಿಲುಕಿದೆಯೇ? ತೊಂಬತ್ತು ಸೆಕೆಂಡುಗಳಲ್ಲಿ ಉತ್ತರಿಸಿ."

ಉತ್ತರ ಕೊಡದಿದ್ದರೆ ಅದು ಪಟ್ಟಿ ನಿಲ್ಲಿಸುತ್ತದೆ, ಮಂಗಳ ಅರ್ಧ ದಾರಿಯಲ್ಲಿದ್ದಳು. ಸಿಲುಕಿಲ್ಲ ಎಂದು ಒತ್ತಿದರೆ ಕಾರಣ ಬರೆಯಬೇಕು, ಅದನ್ನು ಆಯುಕ್ತರು ಓದುತ್ತಾರೆ. ನಾನು ನನ್ನದೇ ನಿಯಮ ತೆಗೆದು ಓದಿದೆ. 'ಪಟ್ಟಿಯ ಮೇಲೆ ಹನ್ನೆರಡು ಜನರಿರತಕ್ಕದ್ದು' ಎಂದಿತ್ತು. ಅವರು ಎಲ್ಲಿಗಾದರೂ ಹೋಗತಕ್ಕದ್ದು ಎಂದು ನಾನು ಬರೆದಿರಲಿಲ್ಲ. ಮೂರು ತಿಂಗಳು ಗುಣಿಸಿ ಭಾಗಿಸಿದವನಿಗೆ ಅದು ಹೊಳೆದಿರಲಿಲ್ಲ ನೋಡಿ.

'ಸಿಲುಕಿಲ್ಲ. ಉಂಡು ಅಡ್ಡಾಡುತ್ತಿದ್ದಾರೆ' ಎಂದು ಬರೆದೆ. ಕೆಳಗೆ, 'ಮುಂದೆ ಹೋಗುತ್ತಿರುವ ಆ ಒಬ್ಬರು ನನ್ನ ಹೆಂಡತಿ' ಎಂದೂ ಸೇರಿಸಿದೆ. ಆಮೇಲೆ ಗೊತ್ತಾಗುವ ಬದಲು ಈಗಲೇ ಗೊತ್ತಾಗಲಿ.

ಯಂತ್ರ ಅದನ್ನು ದಾಖಲಿಸಿಕೊಂಡಿತು. "ಸ್ವೀಕೃತ. ಈ ವರ್ಗದ ಪ್ರಯಾಣಿಕರಿಗೆ ಹೆಸರು ನೀಡಿ" ಎಂದಿತು.

'ನೂರಡಿಯವರು' ಎಂದು ಕೊಟ್ಟೆ. ಆಯುಕ್ತರಿಂದ ಎರಡು ದಿನ ಬಿಟ್ಟು ಒಂದು ಸಾಲಿನ ಉತ್ತರ ಬಂತು. ನಿಯಮ ಮೀರಿಲ್ಲ, ಬ್ಯಾಟರಿ ಮೇಲೆ ಕಣ್ಣಿರಲಿ.

ಆ ಹೊತ್ತಿನಲ್ಲಿ ಪಟ್ಟಿ ಓಡುತ್ತದೆ ಎಂಬ ಸುದ್ದಿ ಬೇರೆ ಓಣಿಗಳಿಗೂ ಹಬ್ಬಿತು. ಮೊದಲು ಬೈಪಾಸಿನ ಆಸ್ಪತ್ರೆಯ ನರ್ಸ್ ಒಬ್ಬಳು ಬಂದಳು. ಆಮೇಲೆ ಶೀತಲ ಗೋದಾಮಿನ ಇಬ್ಬರು, ಹೂವಿನ ಮಂಡಿಯವರು, ಬೆಣ್ಣೆ ಕಾರ್ಖಾನೆಯ ಹಂಡೆ ತೊಳೆಯುವವರು. ಎಲ್ಲರೂ ಕಟ್ಟಕಡೆಗೇ ಹೋಗುವವರು. ಇಷ್ಟು ದಿನ ಇವರೆಲ್ಲ ಹೇಗೆ ಹೋಗುತ್ತಿದ್ದರು ಎಂದು ಮಂಗಳ ವಿಚಾರಿಸಿದಳು. ನರ್ಸ್ ಸಂಜೆ ಎಂಟಕ್ಕೇ ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಎರಡು ತಾಸು ಕೂರುತ್ತಿದ್ದಳಂತೆ. ನನ್ನ ಪರದೆಯ ಮೇಲೆ ಹನ್ನೊಂದು ಜನ ಎಂದರೆ ಸೊನ್ನೆ. ಆ ಸೊನ್ನೆಯೊಳಗೆ ಯಾರಿದ್ದರು ಎಂದು ನಾನು ಕೇಳಿರಲಿಲ್ಲ. ನಾಚಿಕೆಯಾಯಿತು.

ಹದಿನೈದನೇ ದಿನ, ಪರೀಕ್ಷೆಯ ಕೊನೆಯ ರಾತ್ರಿ, ಜಬ್ಬಾರ್ ಸಾಬರ ಮೊಮ್ಮಗಳ ಮದುವೆ. ಊಟ ಊರಿನ ಆಚೆ ತುದಿಯ ಶಾದಿಮಹಲಿನಲ್ಲಿ, ಇಡೀ ಓಣಿಗೆ ಕರೆ. ಬಿರಿಯಾನಿ ಬಿಟ್ಟು ಪಟ್ಟಿಗೆ ಬನ್ನಿ ಎಂದು ಯಾವ ಬಾಯಲ್ಲಿ ಹೇಳುವುದು? ಮುನೀರಾ ಮದುಮಗಳ ಅಜ್ಜಿ, ಅವರನ್ನಂತೂ ಕೇಳುವಂತಿಲ್ಲ. ಅಮ್ಮ ಒಂದು ತಾಸು ಒಬ್ಬಳೇ ಮಲಗಿರುತ್ತಾಳೆ, ಪರವಾಗಿಲ್ಲ ಎಂದು ಮಂಗಳನೂ ನಾನೂ ಒಪ್ಪಿದೆವು. ಪಾಳಿಯವರೇ ಹನ್ನೆರಡು ಮಂದಿ ಆಗುತ್ತಾರೆ ಎಂಬ ಧೈರ್ಯವೂ ಇತ್ತು.

ಒಂಬತ್ತು ಐದಕ್ಕೆ ಪರದೆಯಲ್ಲಿ ಒಂದು ಚುಕ್ಕೆ ಕಂಡಿತು, ಅದು ಮಂಗಳ. ನರ್ಸ್ ಬಂದಳು. ಗೋದಾಮಿನವರು ಬಂದರು. ಒಂಬತ್ತು ಎಂಟಕ್ಕೆ ಹತ್ತು ಜನ, ಒಂಬತ್ತು ಒಂಬತ್ತಕ್ಕೆ ಹನ್ನೊಂದು ಜನ. ಅಲ್ಲಿಗೆ ನಿಂತಿತು. ಹೂವಿನ ಮಂಡಿಯ ಒಬ್ಬ ಬರಲಿಲ್ಲ, ಅವನೂ ಮದುವೆಗೆ ಹೂ ಕಟ್ಟಲು ಹೋಗಿದ್ದನಂತೆ.

ಒಂಬತ್ತು ಹನ್ನೆರಡು. ಒಂಬತ್ತು ಹದಿನಾಲ್ಕಕ್ಕೆ ಪಟ್ಟಿ ಏಳದಿದ್ದರೆ ಅವಳು ಸಮಯಕ್ಕೆ ಮುಟ್ಟುವುದಿಲ್ಲ. ಗುಂಡಿ ನನ್ನ ಬಲಗೈಯಿಂದ ಒಂದು ಗೇಣು ದೂರದಲ್ಲಿತ್ತು. ಒತ್ತಬಾರದೆಂದು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಹನ್ನೆರಡು ದಿನ ಇಡೀ ಓಣಿ ನಡೆದು ನಡೆದು ಉಳಿಸಿದ ಕೆಲಸ ಒಬ್ಬ ಮನುಷ್ಯನಿಲ್ಲದೆ ಹೋಗುತ್ತದೆಯಲ್ಲ ಎನಿಸಿತು. ನಾನು ಬರೆದ ಸಂಖ್ಯೆಯನ್ನು ನಾನೇ ಮನಸಾರೆ ಬೈದೆ.

ಆಗ ಯಂತ್ರ ಕೇಳಿತು. "ಏಳನೇ ಪಟ್ಟಿ. ತೂಕ ಮೂವತ್ತೆಂಟು ಕಿಲೋ. ಕಾಲುಗಳು ಮೂರು. ಇದು ಪ್ರಾಣಿಯೇ?"

ನಾನು ಪರದೆಯನ್ನೇ ನೋಡಿದೆ. ಎರಡು ಕಾಲು, ಒಂದು ಕೋಲು. ನಿಧಾನವಾಗಿ, ಒಂದೊಂದೇ ಹಲಗೆ.

"ಅಲ್ಲ" ಎಂದೆ. "ನಮ್ಮಮ್ಮ."

"ಪ್ರಯಾಣಿಕರು ಹನ್ನೆರಡು. ಶುಭ ಪ್ರಯಾಣ" ಎಂದಿತು.

ಮಂಗಳನ ಫೋನು ಬಂತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ರೀ, ಅತ್ತಿ ಬಂದಾರೆ. ಕಿಟಕ್ಯಾಗೆ ನೋಡ್ತಿದ್ರಂತೆ. ಪಟ್ಟಿ ಹೊಂಟೇಬಿಡ್ತು. ಹಿಂದಕ್ಕೆ ನಡಿಯಾಕೆ ಇವ್ರಿಂದ ಆಗಲ್ಲ. ಇಳಿಸಲಾ?"

ಅಮ್ಮ ಇಳಿದರೆ ಹನ್ನೊಂದು. ಅಷ್ಟರಲ್ಲಿ ಫೋನಿನಲ್ಲೇ ಅಮ್ಮನ ದನಿ ಕೇಳಿಸಿತು.

"ಯಾಕೆ ಇಳಿಸ್ತೀಯ? ನನ್ನ ಆ ಕಡೀ ಸಾಲಿಗೆ ದಾಟಿಸು. ಇದು ಎತ್ತಿನ ಗಾಡಿಗಿಂತ ನಿಧಾನ ಐತೆ."

ನರ್ಸ್ ಒಂದು ಕಡೆ, ಮಂಗಳ ಇನ್ನೊಂದು ಕಡೆ ಹಿಡಿದು ಅಮ್ಮನನ್ನು ಮೂರನೇ ಸಾಲಿಗೆ ದಾಟಿಸಿದರು. ಮೂವತ್ತೆಂಟು ಕಿಲೋದ ಚುಕ್ಕೆ ಗಂಟೆಗೆ ಇಪ್ಪತ್ತರ ವೇಗದಲ್ಲಿ ಊರು ದಾಟುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ದಾರಿಯುದ್ದಕ್ಕೂ ಅಮ್ಮ ಇದು ಯಾವ ಸರ್ಕಲ್ಲು, ಇಲ್ಲಿದ್ದ ಹತ್ತಿ ಮಿಲ್ಲು ಎಲ್ಲಿ ಹೋಯಿತು ಎಂದು ಕೇಳುತ್ತಲೇ ಇದ್ದಳಂತೆ. ಒಂಬತ್ತು ನಲವತ್ತೊಂದಕ್ಕೆ ಮಂಗಳ ಗೇಟು ದಾಟಿದಳು. ಕಾವಲಿನವನು ಅಮ್ಮನಿಗೆ ಕುರ್ಚಿ ಹಾಕಿದ. ಹಗಲು ಪಾಳಿಯ ನಲವತ್ತು ಜನ ಮನೆಗೆ ಹೊರಡುವವರಿದ್ದರು, ಅವರ ಜೊತೆ ವಾಪಸಾಗುವ ಮೊದಲು ಅಮ್ಮ ಅಲ್ಲಿಯೇ ರೊಟ್ಟಿಯ ಚೂರಿನ ಮೇಲೆ ಹಂಡೆಯ ಬೆಣ್ಣೆ ಹಚ್ಚಿಸಿಕೊಂಡು ತಿಂದು, "ಉಪ್ಪು ಕಮ್ಮಿ" ಎಂದು ಹೇಳಿ ಬಂದಳು. ಅವರು ಅದನ್ನು ಬರೆದುಕೊಂಡರಂತೆ.

ಬೆಳಿಗ್ಗೆ ಆರೂವರೆಗೆ ಮಂಗಳ ಬಂದಳು. ಕೆಲಸ ಖಾಯಂ ಆದ ಪತ್ರ ಕೈಯಲ್ಲಿತ್ತು. ಬಾಗಿಲಲ್ಲೇ ಕೂತು ಅತ್ತಳು, ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಮ್ಮನ ಕಾಲು ಒತ್ತಲು ಹೋದಳು. ಕಾಲು ನೋಯುತ್ತಿಲ್ಲ ಎಂದು ಅಮ್ಮ ಗದರಿದಳು.

ಆಗ ನನ್ನ ತಲೆಗೆ ಹೊಳೆಯಿತು. ಇಷ್ಟೊಂದು ಚೀಲ, ಮೂವತ್ತೆರಡು ಜನ, ಆಯುಕ್ತರ ತನಕ ಕಾಗದ. ಇದೆಲ್ಲ ಯಾತಕ್ಕೆ? ಎಂಟೂವರೆಯ ತನಕ ಪಟ್ಟಿ ತಾನಾಗಿಯೇ ಓಡುತ್ತದೆ.

"ಅಮ್ಮ, ನೀನು ಮೊದಲೇ ಒಂದು ತಾಸು ಬೇಗ ಉಂಡು ಮಲಗಿದ್ರೆ ಇವ್ಳು ಎಂಟೂವರೆ ಪಟ್ಟಿಗೆ ಹೋಗ್ತಿದ್ಲಲ್ಲ."

"ಉಣ್ತಿದ್ನಪ್ಪ" ಎಂದಳು ಅಮ್ಮ. "ಯಾರಾದ್ರೂ ಕೇಳಿದ್ರಾ?"

ಮಂಗಳ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹದಿನೈದು ದಿನದಲ್ಲಿ ನಾವಿಬ್ಬರೂ ಕೇಳಿರಲಿಲ್ಲ.

"ಹಂಗಾದ್ರೆ ಇವತ್ತಿಂದ ಬೇಗ ಬಡಿಸ್ಲಾ, ಅತ್ತಿ?"

ಅಮ್ಮ ಕೋಲನ್ನು ಪಕ್ಕಕ್ಕಿಟ್ಟು ಗೋಡೆಗೊರಗಿ ಕೂತಳು.

"ಇನ್ನು ಬ್ಯಾಡ" ಎಂದಳು. "ಎಂಟೂವರೆ ಪಟ್ಟಿಯಾಗೆ ನನಗೆ ಗುರುತಿನೋರು ಯಾರದಾರೆ?"